ದಯೆ ಬಾರದ ಹೊತ್ತಿನ ಕಾಯಕ

ನಡೆನುಡಿಗಳು ಒಂದಾಗಿರಬೇಕೆಂಬುದು ಶರಣಧರ್ಮದ ಮೊದಲ ಪಾಠಗಳಲ್ಲೊಂದು. ಒಳಗೊಂದು ಹೊರಗೊಂದು ಇರಿಸಿಕೊಂಡವನ ಭಕ್ತಿಯನ್ನು ನಮ್ಮ ವಚನಕಾರರು ಕ್ಷಮಿಸಿದವರಲ್ಲ. ಹಾಗಾದರೆ, ಮನದಲ್ಲಿ ಜುಗುಪ್ಸೆ ತುಂಬಿರುವಾಗಲೂ ಮೃದುವಾಗಿ ಮಾತನಾಡಿ ಕೊಲೆಗೈದವನ ಕೈಗೆ ಔಷಧವನ್ನು ನೀಡುವ ದಾದಿಯ ಸೇವೆ ಎಂಥದು? ಅದು ಕಾಯಕವೋ, ಬರಿಯ ಸೋಗೋ? ಇದು ತರ್ಕವಿನೋದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಪರಾಧವೆಸಗಿದ ಮನೋರೋಗಿಗಳ ವಾರ್ಡಿನಲ್ಲಿ ದುಡಿಯುವವರ ಮುಂದೆ ಇದು ದಿನವೂ ಬಂದು ನಿಲ್ಲುತ್ತದೆ.

ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂಬ ಅರಿವನ್ನೇ ರೋಗದಿಂದ ಕಳೆದುಕೊಂಡವನನ್ನು ಅಪರಾಧಿಯೆಂದು ದಂಡಿಸಲಾಗದು. 1843ರಲ್ಲಿ ಇಂಗ್ಲೆಂಡಿನ ಮ್ಯಾಕ್‌ನಾಟನ್ ಮೊಕದ್ದಮೆಯ ತರುವಾಯ ಸ್ಥಿರಪಟ್ಟ ಈ ತತ್ತ್ವವು 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮಿನಲ್ಲಿ ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿದೆ. ಆದರೆ ಹೀಗೆ ದಂಡನೆಯಿಂದ ಪಾರಾದವನನ್ನು ಕೂಡಲೆ ಮನೆಗೆ ಕಳುಹಿಸುವುದಿಲ್ಲ. ಸುರಕ್ಷಿತವಾದ ಎಡೆಯಲ್ಲಿ ಇರಿಸಲು ನ್ಯಾಯಾಲಯ ಆಜ್ಞೆ ಮಾಡಬಹುದು. ವಿಚಾರಣೆಯನ್ನು ಎದುರಿಸುವಷ್ಟು ಬುದ್ಧಿಸ್ಥಿಮಿತವಿಲ್ಲದವರು, ಸೆರೆಮನೆಯಲ್ಲಿಯೇ ರೋಗಕ್ಕೆ ತುತ್ತಾದವರು ಇವರ ಜೊತೆಗೆ ಸೇರುತ್ತಾರೆ. ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸಿಗೂ ಧಾರವಾಡದ ಮಾನಸಿಕ ಆಸ್ಪತ್ರೆಗೂ ಇಂತಹವರು ಬರುತ್ತಾರೆ. ಬಾಗಿಲಲ್ಲಿ ಪೊಲೀಸಿನವನು, ಒಳಗೆ ದಾದಿ. ಒಂದೇ ಜೀವವನ್ನು ಇಬ್ಬರು ಎರಡು ಬಗೆಯಲ್ಲಿ ಕಾಯುತ್ತಾರೆ.

ವಸ್ತುತಃ ಕಾವಲಿನ ಅರ್ಧ ಭಾರವು ದಾದಿಯ ಮೇಲೆಯೇ ಬೀಳುತ್ತದೆ. ಊಟವಾದ ಮೇಲೆ ಚಮಚೆಯನ್ನು ಎಣಿಸಬೇಕು, ಗಡ್ಡ ಹೆರೆದ ಮೇಲೆ ಅಲಗನ್ನು ಹಿಂದಕ್ಕೆ ಪಡೆಯಬೇಕು, ಬೆನ್ನುತಿರುಗಿಸಿ ನಿಲ್ಲಬಾರದು. ನಂಬಿಕೆಯನ್ನು ಗಳಿಸಬೇಕಾದವನನ್ನೇ ನಂಬದೆ ಇರಬೇಕಾದ ವಿಚಿತ್ರ ವೃತ್ತಿಯಿದು. ಕಡತವನ್ನು ಓದಿದರೆ ರಾತ್ರಿ ನಿದ್ರೆ ಬಾರದು. ಓದದೆ ಇದ್ದರೆ ಎಚ್ಚರ ತಪ್ಪುತ್ತದೆ. ಸತ್ತ ಮಗುವಿನ ಪ್ರಾಯದ ಮಗು ತನ್ನ ಮನೆಯಲ್ಲಿಯೂ ಇದ್ದರಂತೂ ಆಕೆಯ ಸಂಕಟವನ್ನು ಹೇಳತೀರದು.

ಇಷ್ಟೇ ಆಗಿದ್ದರೆ ಅಭ್ಯಾಸದಿಂದ ಸಹಿಸಬಹುದಾಗಿತ್ತೇನೋ. ಕಠಿನತರವಾದ ಗಳಿಗೆ ಬರುವುದು ರೋಗ ಇಳಿಯತೊಡಗಿದಾಗ. ಹೆತ್ತ ತಾಯಿಯನ್ನು ಶತ್ರುವೆಂದು ಭ್ರಮಿಸಿ ಕೊಂದ ಮಗನೊಬ್ಬನನ್ನು ಭಾವಿಸಿಕೊಳ್ಳಿ. ಔಷಧ ಕೆಲಸಮಾಡುತ್ತದೆ, ಕಿವಿಯೊಳಗಿನ ದನಿಗಳು ಅಡಗುತ್ತವೆ. ಒಂದು ಬೆಳಗ್ಗೆ ಅವನು ‘ಅವ್ವ ಯಾಕೆ ನೋಡಲು ಬರಲಿಲ್ಲ?’ ಎಂದು ಕೇಳಬಹುದು. ಇಲ್ಲವೆ, ಏನನ್ನೂ ಕೇಳದೆ ಗೋಡೆಗೆ ಮುಖಮಾಡಿ ಕುಳಿತುಬಿಡಬಹುದು. ಗುಣವಾಗುವುದೆಂದರೆ ಅವನ ಪಾಲಿಗೆ ತಾನು ಮಾಡಿದುದನ್ನು ತಿಳಿಯುವುದೇ ಆಗಿರುತ್ತದೆ. ಆಗ ಅವನು ಪ್ರಾಣ ಕಳೆದುಕೊಳ್ಳದಂತೆ ಹಗಲಿರುಳು ಕಾಯಬೇಕು. ನಿನ್ನೆಯವರೆಗೆ ಅವನಿಗೆ ಅಂಜುತ್ತಿದ್ದವಳು ಇಂದು ಅವನಿಗಾಗಿ ಅಂಜಬೇಕಾಗುತ್ತದೆ. ಒಂದೇ ಹೃದಯವು ಈ ಎರಡನ್ನೂ ಹೊರಬೇಕಲ್ಲವೆ?

ಹೊರಲಾರದವರು ಹೃದಯವನ್ನು ಕಲ್ಲುಮಾಡಿಕೊಳ್ಳುತ್ತಾರೆ. ಅವರನ್ನು ದೂಷಿಸುವ ಅಧಿಕಾರ ಹೊರಗೆ ಕುಳಿತ ನಮಗಿಲ್ಲ. ಆದರೆ ಕಲ್ಲಾದ ಮನಸ್ಸು ಹಿಂಸೆಗೆ ಮಾತ್ರವಲ್ಲ, ಮರೆವಿಗೂ ಎಡೆಗೊಡುತ್ತದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬವನನ್ನು 1951ರಲ್ಲಿ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. 1967ರಲ್ಲಿ ಅವನು ಸ್ವಸ್ಥನೆಂದು ಆಸ್ಪತ್ರೆ ತಿಳಿಸಿತು. ಆದರೂ ಅವನು ಹೋದುದು ಮನೆಗಲ್ಲ, ಗುವಾಹಾಟಿಯ ಸೆರೆಮನೆಗೆ, ಬಿಡುಗಡೆಯಾದುದು 2005ರಲ್ಲಿ. ವಿಚಾರಣೆಯಿಲ್ಲದೆ 54 ವರ್ಷ! ಇದಕ್ಕೆ ಯಾರ ದ್ವೇಷವೂ ಬೇಕಾಗಿರಲಿಲ್ಲ. ಕಡತ ಮುಚ್ಚಿಕೊಂಡರೆ ಸಾಕಾಗಿತ್ತು. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನೂ ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ಅದು ಸ್ತುತ್ಯವೇ ಸರಿ. ಆದರೂ ಕಾಯಿದೆ ಕೈಗಳನ್ನು ತಡೆದೀತೇ ಹೊರತು ಕಣ್ಣುಗಳಿಗೆ ನೋಡಲು ಕಲಿಸಲಾರದು.

ನೋಡುವ ಮಾತು ಬಂದುದರಿಂದ ಮರುಳಶಂಕರದೇವರ ನೆನಪಾಗುತ್ತದೆ. ಕಲ್ಯಾಣದ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಮರುಳನಂತೆ ಇದ್ದ ಆ ಶರಣನನ್ನು ಅಷ್ಟೊಂದು ಜನ ಪುಣ್ಯಾತ್ಮರು ದಿನವೂ ದಾಟಿಹೋದರು, ಗುರುತಿಸಿದವರು ಅಲ್ಲಮಪ್ರಭುಗಳು. ಶೂನ್ಯಸಂಪಾದನೆ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ವೈದ್ಯಕಾಯಕದ ಸಂಗಣ್ಣನವರ ವಚನಗಳ ಅಂಕಿತದಲ್ಲಿ ಮರುಳಶಂಕರನ ಹೆಸರೇ ಸೇರಿರುವುದನ್ನು ವಾಚಕರು ಗಮನಿಸಬೇಕು. ಆದರೆ ಶರಣನ ಮರುಳಿಗೂ ರೋಗದ ಮರುಳಿಗೂ ಸಾಮ್ಯ ಕಲ್ಪಿಸಿ ಉನ್ಮಾದವನ್ನು ಕೊಂಡಾಡುವವರ ಮಾತು ನನಗೆ ಒಪ್ಪಿಗೆಯಲ್ಲ; ರೋಗಿಗೆ ಬೇಕಾದುದು ಸ್ತುತಿಯಲ್ಲ, ಚಿಕಿತ್ಸೆ. ಇಲ್ಲಿ ನಾವು ತೆಗೆದುಕೊಳ್ಳಬೇಕಾದುದು ಪ್ರಭುಗಳ ಆ ನೋಟವನ್ನು ಮಾತ್ರ.

ಮೊದಲಿನ ಪ್ರಶ್ನೆಗೆ ಬರೋಣ. ಶರಣರು ಬಯಲಿಗೆಳೆದುದು ಲಾಭಕ್ಕಾಗಿ, ಕೀರ್ತಿಗಾಗಿ ತೊಟ್ಟ ವೇಷವನ್ನು. ಜುಗುಪ್ಸೆಯನ್ನು ನುಂಗಿಕೊಂಡು ಹೊತ್ತಿಗೆ ಸರಿಯಾಗಿ ಔಷಧವಿತ್ತು, ಹುಣ್ಣು ತೊಳೆದು, ಬೈಗುಳಕ್ಕೆ ಬೈಗುಳವಾಡದೆ ನಿಂತವಳು ಯಾರನ್ನು ವಂಚಿಸಿದಳು? ದಯೆಯೆಂಬುದು ಎದೆಯಲ್ಲಿ ಉಕ್ಕುವ ಆರ್ದ್ರತೆ ಮಾತ್ರವಾಗಿದ್ದರೆ ಅದು ಬಾರದ ದಿನ ರೋಗಿ ಉಪವಾಸವಿರಬೇಕಾಗುತ್ತಿತ್ತು. ದಯೆಯನ್ನು ನಡೆಯಲ್ಲಿ ಇರಿಸಿದ ಧರ್ಮಕ್ಕೆ ಆಕೆಯ ಕೈಗಳೇ ಸಾಕ್ಷಿ. ಮಿಥ್ಯೆ ಹುಟ್ಟುವುದು ಬೇರೆಡೆಯಲ್ಲಿ: ‘ನನಗೆ ಭಯವಿಲ್ಲ, ಸಿಟ್ಟಿಲ್ಲ, ಎಲ್ಲರೂ ನನಗೆ ಸಮಾನರು’ ಎಂದು ಆಕೆ ಹೇಳಿಕೊಳ್ಳಬೇಕಾದಲ್ಲಿ. ಮೇಲಿನವರು ಆ ಮಾತನ್ನೇ ಆಕೆಯಿಂದ ನಿರೀಕ್ಷಿಸಿದರೆ ಆ ಮಿಥ್ಯೆಗೆ ಅವರೂ ಭಾಗಿಗಳು.

ಬಸವಣ್ಣನವರಂತಹವರೇ ತಮ್ಮ ಮನದ ಚಾಂಚಲ್ಯವನ್ನು ಮರೆಮಾಡದೆ ಶರಣರ ಮುಂದಿಟ್ಟರು. ಅನುಭವಗೋಷ್ಠಿಯು ಸಿದ್ಧಿ ಪಡೆದವರ ಪ್ರದರ್ಶನವಾಗಿರಲಿಲ್ಲ. ತೊಡಕಿನಲ್ಲಿದ್ದವರು ಬಾಯಿಬಿಡುವ ತಾಣವೂ ಅದಾಗಿತ್ತು. ವಾರ್ಡುಗಳಲ್ಲಿ ಪಾಳಿ ಬದಲಾಗುವಾಗ ರೋಗಿಯ ನಾಡಿ, ನಿದ್ರೆ, ಊಟಗಳೆಲ್ಲ ದಾಖಲಾಗುತ್ತವೆ. ಅದರ ಬಳಿಕ ಹತ್ತು ನಿಮಿಷ, ‘ಇಂದು ಅವನ ಮುಖ ನೋಡಲಾಗಲಿಲ್ಲ’ ಎಂದು ಯಾರಾದರೂ ನಾಚದೆ ಹೇಳಬಹುದಾದ ಅವಕಾಶವಿರಬೇಕು. ಕೇಳಿದವರು ಉಪದೇಶ ಮಾಡದೆ, ಮರುದಿನ ಅವನ ಸರದಿಯನ್ನು ತಾವು ವಹಿಸಿಕೊಂಡರೆ ಸಾಕು. ನಮ್ಮ ಮಠಗಳೂ ಇಂತಹ ಶುಶ್ರೂಷಕರನ್ನು ವರ್ಷಕ್ಕೊಮ್ಮೆ ಕರೆದು ಶಾಲು ಹೊದೆಸುವುದಕ್ಕಿಂತ, ಪ್ರಸಾದದ ಪಂಕ್ತಿಯಲ್ಲಿ ಬಳಿ ಕುಳ್ಳಿರಿಸಿಕೊಂಡು ಅವರು ಹೇಳುವುದನ್ನು ಕೇಳಬಹುದು.