ನಕ್ಷೆಯ ಮೇಲೆ ನಾನು ಬಿಟ್ಟ ಜಾಗ

ಇಂದಿನ ಚಿಂತನೆ: ಸಮ್ಯಕ್ ದೃಷ್ಟಿ



ಈ ವರ್ಷ ನನ್ನ ಮಗಳು ಪಿಯುಸಿಗೆ ಸೇರಿದಳು. ಅವಳ ಕಾಲೇಜು ಮೈಸೂರಿನಲ್ಲಿ, ನಾನು ಪಾಠ ಮಾಡುವ ಶಾಲೆ ನಂಜನಗೂಡಿನಲ್ಲಿ. ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಬೇಕಾಯಿತು. ಊರೆಲ್ಲ ಅಲೆಯುವ ಮೊದಲು ಮೊಬೈಲಿನಲ್ಲಿ ನಕ್ಷೆ ತೆರೆದು ಕುಳಿತೆ. ಚಾಮರಾಜನಗರದ ಕಡೆ ಹೋಗುವ ರೈಲು ಹಳಿಯ ಮೇಲೆ ಬೆರಳಿಟ್ಟೆ. ಮೈಸೂರು ಜಂಕ್ಷನ್ ಆದಮೇಲೆ ಚಾಮರಾಜಪುರಂ, ಆಮೇಲೆ ಅಶೋಕಪುರಂ, ಮುಂದೆ ಕಡಕೊಳ ದಾಟಿ ನಂಜನಗೂಡು. ಅಶೋಕಪುರಂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಸಾಕು ಅಂದುಕೊಂಡೆ.

ನಕ್ಷೆ ನೋಡಿ ಮನೆ ಹುಡುಕುವುದು ಒಂದು ವಿದ್ಯೆಯೇ. ಎರಡು ಚುಕ್ಕಿಗಳ ನಡುವಿನ ನೇರ ದೂರವನ್ನು ನಂಬಬಾರದು. ನಿಲ್ದಾಣಕ್ಕೆ ಅರ್ಧ ಕಿಲೋಮೀಟರು ಎಂದು ಕಾಣುವ ಮನೆ ಹಳಿಯ ಆಚೆ ಬದಿಗಿದ್ದರೆ ಸುತ್ತಿ ಬರಲು ಒಂದೂವರೆ ಕಿಲೋಮೀಟರು ಆಗಬಹುದು. ಅದಕ್ಕೇ ನಡಿಗೆಯ ದಾರಿ ಹಾಕಿ ನೋಡಬೇಕು. ಪ್ರಯಾಣದ ಸಮಯವನ್ನು ಭಾನುವಾರ ಮಧ್ಯಾಹ್ನದ್ದಲ್ಲ, ಸೋಮವಾರ ಬೆಳಿಗ್ಗೆ 8 ಗಂಟೆಯದ್ದು ನೋಡಬೇಕು. ಉಪಗ್ರಹದ ಚಿತ್ರ ಹಾಕಿದರೆ ರಾಜಕಾಲುವೆ ಎಲ್ಲಿದೆ, ಬೀದಿ ಎಷ್ಟು ಅಗಲ, ಮರ ಎಷ್ಟಿವೆ ಎಂದು ತಿಳಿಯುತ್ತದೆ. ಇದನ್ನೆಲ್ಲ ನಾನು ಶ್ರದ್ಧೆಯಿಂದ ಮಾಡಿದೆ. ಜಯನಗರ, ಕುವೆಂಪುನಗರ, ವಿದ್ಯಾರಣ್ಯಪುರಂ, ಚಾಮುಂಡಿಪುರಂ ಎಂದು ಹನ್ನೊಂದು ಮನೆಗಳಿಗೆ ಗುರುತು ಹಾಕಿದೆ.

ಆದರೆ ಮನೆ ಮಾಲೀಕರ ಮನಸ್ಸಿನ ನಕ್ಷೆ ಯಾವ ಮೊಬೈಲಿನಲ್ಲೂ ಇಲ್ಲ. ಒಂದು ಕಡೆ ಮನೆ ಹಿಡಿಸಿತು, ಮುಂಗಡದ ಮಾತೂ ಆಯಿತು. ಹೊರಡುವಾಗ ಯಜಮಾನರು ಕೇಳಿದರು: "ಮೇಷ್ಟ್ರು ಅಂದ್ರೆ ಸಂತೋಷ. ನೀವು ಯಾವ ಜನ?"

"ಬೌದ್ಧರು" ಅಂದೆ.

"ಸರಿ, ಅದಕ್ಕೆ ಮೊದಲು?"

ನಾನು ಅದಕ್ಕೆ ಉತ್ತರ ಕೊಡಲಿಲ್ಲ. "ನಮ್ಮ ಮನೇಲಿ ಮಾಂಸ ಮಾಡಲ್ಲ ಸಾರ್" ಅಂದುಬಿಟ್ಟೆ. ಅದು ಸುಳ್ಳು. ಪಕ್ಕದಲ್ಲೇ ನಿಂತಿದ್ದ ಮಗಳು ನನ್ನ ಮುಖ ನೋಡಿದಳು. ಮರುದಿನ ಫೋನ್ ಬಂತು. ಅವರ ತಮ್ಮನ ಮಗನೇ ಬಾಡಿಗೆಗೆ ಬರುತ್ತಾನಂತೆ. ಮನೆಯೂ ಹೋಯಿತು, ಶೀಲವೂ ಹೋಯಿತು.

ಆ ರಾತ್ರಿ ಬಾಬಾಸಾಹೇಬರ ಬರೋಡದ ದಿನಗಳು ನೆನಪಾದವು. 1917ರಲ್ಲಿ ಅಮೆರಿಕದ ಓದು ಮುಗಿಸಿ, ಇಂಗ್ಲೆಂಡಿನ ಓದನ್ನು ಅರ್ಧಕ್ಕೇ ನಿಲ್ಲಿಸಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದ ಅವರಿಗೆ ಊರಿನಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡಿಸಿದರು. ಸ್ನೇಹಿತರೂ ನೆಪ ಹೇಳಿದರು. ಕೊನೆಗೆ ಕಾಮಾಟಿ ಬಾಗ್ ಉದ್ಯಾನದಲ್ಲಿ ಕುಳಿತು ಕಾಲ ಕಳೆದು, ರಾತ್ರಿಯ ರೈಲು ಹಿಡಿದು ಮುಂಬಯಿಗೆ ಹೊರಟರು. ಅವರೂ ಹೆಸರು ಮರೆಸಿದ್ದರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವರು ಅದನ್ನು ತಾವೇ ಬರೆದಿಟ್ಟರು. ತಲೆ ಮೇಲೊಂದು ಸೂರು ಇಲ್ಲದ ಇಕ್ಕಟ್ಟು ಅವರದು. ನನಗೆ ಅಂಥ ಇಕ್ಕಟ್ಟೇನೂ ಇರಲಿಲ್ಲ.

ಮರುದಿನ ಮಗಳು ನನ್ನ ಮೊಬೈಲ್ ಹಿಡಿದು ಆ ಹನ್ನೊಂದು ಗುರುತುಗಳನ್ನು ನೋಡುತ್ತಿದ್ದಳು. "ಅಪ್ಪಾ, ಸ್ಟೇಷನ್ ಹೆಸರೇ ಅಶೋಕಪುರಂ. ಸುತ್ತ ಎಲ್ಲಾ ಕಡೆ ಗುರುತು ಹಾಕಿದ್ದೀಯ. ಅಶೋಕಪುರಂ ಒಳಗೆ ಒಂದೂ ಯಾಕಿಲ್ಲ?" ಎಂದು ಕೇಳಿದಳು.

ಬೀದಿ ಇಕ್ಕಟ್ಟು, ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ಏನೇನೋ ಹೇಳಿದೆ. ಅಲ್ಲಿ ಬಾಡಿಗೆಗೆ ಮನೆ ಇದೆಯೇ ಎಂದು ನಾನು ಹುಡುಕಿಯೇ ಇರಲಿಲ್ಲ ಎಂಬುದು ನಿಜ. ಮೈಸೂರಿನಲ್ಲಿ "ಮನೆ ಎಲ್ಲಿ?" ಎಂದು ಕೇಳಿದವರಿಗೆ ಬೇರೆ ಬಡಾವಣೆಯ ಹೆಸರು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅಶೋಕಪುರಂ ಎಂದರೆ ಮುಂದಿನ ಪ್ರಶ್ನೆ ಕೇಳದೆಯೇ ಅವರಿಗೆ ಉತ್ತರ ಸಿಕ್ಕಿಬಿಡುತ್ತದೆ. ಆ ಉತ್ತರ ಅವರಿಗೆ ಸಿಗಬಾರದೆಂದು ನನ್ನ ಬೆರಳು ಆ ಜಾಗವನ್ನು ಸುತ್ತಿಕೊಂಡು ಹೋಗಿತ್ತು. ಮನೆ ಮಾಲೀಕರು ಎಳೆದ ಗೆರೆಯನ್ನೇ ನಾನೂ ಎಳೆದಿದ್ದೆ, ಅದೂ ನಮ್ಮವರ ಸುತ್ತ.

ಬಂಧುಗಳೇ, ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾವೆಲ್ಲ ನಮ್ಮ ಕೇರಿಯಲ್ಲೇ ಇರಬೇಕು ಎಂದು ನಾನು ಹೇಳುತ್ತಿಲ್ಲ. ಕೇರಿಯನ್ನು ಊರಿನಿಂದ ಬೇರೆ ಮಾಡಿದವರು ನಾವಲ್ಲ. ಯಾವ ಬಡಾವಣೆಯಲ್ಲಾದರೂ ಮನೆ ಕೇಳುವ ಹಕ್ಕು ನಮಗಿದೆ, ಕೊಡದಿದ್ದರೆ ಅದು ಕೊಡದವರ ತಪ್ಪು. ಆದರೆ ಕರ್ಮ ಎಂದರೆ ಚೇತನ, ಅಂದರೆ ಸಂಕಲ್ಪ ಎಂದು ಭಗವಾನರು ಬೋಧಿಸಿದರು. ಒಂದೇ ಮನೆಯನ್ನು ಇಬ್ಬರು ಬಾಡಿಗೆಗೆ ಹಿಡಿಯಬಹುದು. ಒಬ್ಬರು ಮಗಳ ಕಾಲೇಜು ಹತ್ತಿರವೆಂದು, ಇನ್ನೊಬ್ಬರು ತಾವು ಯಾರೆಂದು ತಿಳಿಯದಿರಲೆಂದು. ನಕ್ಷೆಯ ಮೇಲೆ ಇಬ್ಬರ ಚುಕ್ಕಿಯೂ ಒಂದೇ ಕಡೆ ಇರುತ್ತದೆ. ಮನಸ್ಸು ಮಾತ್ರ ಒಂದೇ ಕಡೆ ಇರುವುದಿಲ್ಲ.

ನಾನು ಹೇಳಿದ ಸುಳ್ಳೂ ಅಷ್ಟೇ. ಮಾಂಸದ ಮಾತು ಹೇಗೂ ಸುಳ್ಳು. ಆದರೆ "ಬೌದ್ಧರು" ಎಂದದ್ದು ನಿಜವಾಗಿದ್ದೂ ಆ ಹೊತ್ತಿನಲ್ಲಿ ಅದನ್ನು ನಾನು ಮುಸುಕಿನಂತೆ ಬಳಸಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮವನ್ನು ಕೊಟ್ಟದ್ದು ನಾವು ತಲೆ ಎತ್ತಿ ನಿಲ್ಲಲೆಂದು. ಅದನ್ನು ನಾನು ತಲೆ ಮರೆಸಿಕೊಳ್ಳಲು ಬಳಸಿದೆ. ಸುಳ್ಳು ಹೇಳುವುದಿಲ್ಲ ಎಂಬುದು ಅಂದು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂದು. ಎಲ್ಲ ಮನುಷ್ಯರೂ ಸಮಾನರು ಎಂಬುದು ಇನ್ನೊಂದು. ಎರಡನೆಯದನ್ನು ನನ್ನೊಳಗೇ ನಾನು ನಂಬದೆ ಹೋದದ್ದರಿಂದ ಮೊದಲನೆಯದು ಮುರಿಯಿತು.

ಮುಂದಿನ ಭಾನುವಾರ ಮಗಳ ಜೊತೆ ಅಶೋಕಪುರಂನಲ್ಲಿ ನಡೆದೆ. ಬಾಬಾಸಾಹೇಬರ ಹೆಸರಿನ ಉದ್ಯಾನದಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಎರಡು ಮನೆ ನೋಡಿದೆವು. ಒಂದರಲ್ಲಿ ಅಜ್ಜಿಯೊಬ್ಬರು ಮೊದಲು ನೀರು ಕೊಟ್ಟು ಆಮೇಲೆ ಊರು ಕೇಳಿದರು. ಅಲ್ಲಿಂದ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಅದನ್ನೇ ಹಿಡಿದೆವು. ಬೀದಿ ನಿಜಕ್ಕೂ ಇಕ್ಕಟ್ಟಾಗಿಯೇ ಇದೆ, ನನ್ನ ಬೈಕಿಗೆ ಸಾಲುತ್ತದೆ.

ಮೊನ್ನೆ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು "ಮನೆ ಎಲ್ಲಿ ಮಾಡಿದ್ರಿ ಸಾರ್?" ಅಂದರು. ಹೇಳಿದೆ. ಹೇಳುವ ಮೊದಲು ಗಂಟಲು ಒಂದು ಕ್ಷಣ ಹಿಡಿಯಿತು. ಇಷ್ಟು ವರ್ಷ ಪಂಚಶೀಲ ಹೇಳಿದ ಗಂಟಲು ಅದು. ಅಭ್ಯಾಸ ಇನ್ನೂ ಬಾಕಿ ಇದೆ ಎಂದು ತಿಳಿಯಿತು.

ಇಂದು ಒಂದು ನಿಮಿಷ ಕುಳಿತು ಯೋಚಿಸೋಣ. ಮನೆ, ಮಕ್ಕಳ ಶಾಲೆ, ಸ್ನೇಹ, ಸಂಬಂಧ ಹುಡುಕುವಾಗ ನಮ್ಮ ಬೆರಳು ಕೇಳದೆಯೇ ಸುತ್ತಿಕೊಂಡು ಹೋಗುವ ಜಾಗ ಯಾವುದು? ಯಾಕೆ?

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.