ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತಪ್ಪನ್ನು ಎತ್ತಿ ಹೇಳಿದವನನ್ನೇ ತಪ್ಪಿತಸ್ಥನೆಂದು ತಿಳಿಯುವುದು ಮನುಷ್ಯ ಸ್ವಭಾವದಲ್ಲಿ ಬೇರೂರಿದ ದೌರ್ಬಲ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆ ಹುಟ್ಟಿದ್ದು ಹಳ್ಳಿಯ ಕೊಟ್ಟಿಗೆಯಲ್ಲಿ. ಅದರ ಅರ್ಥವನ್ನು ಇಂದು ಕಣ್ಣಾರೆ ಕಾಣಬೇಕಾದರೆ ಹಳೆಯ ಮೋಟಾರು ಕಾರೊಂದು ದುರಸ್ತಿಗೆ ಬಂದು ನಿಂತ ಗ್ಯಾರೇಜಿಗಿಂತ ಒಳ್ಳೆಯ ಸ್ಥಳ ಬೇರೆ ಇಲ್ಲ.

ಮುಂಬಯಿಯ ಬೀದಿಗಳಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದ ಕಾಲವನ್ನು ನಮ್ಮಲ್ಲಿ ಹಲವರು ಬಲ್ಲರು. 2023ರ ಅಕ್ಟೋಬರಿನಲ್ಲಿ ಅವುಗಳ ಸೇವೆ ಮುಗಿಯಿತು. ಆ ಕಾರಿನ ಮುಂದೆ ಮೇಸ್ತ್ರಿಯ ಕಿವಿಯೂ ಮೂಗೂ ಬೆರಳ ತುದಿಯೂ ಸಾಕ್ಷಿಗಳಾಗಿದ್ದವು. ಹೊಗೆಯ ಬಣ್ಣ, ಪ್ಲಗ್ಗಿನ ತುದಿಯ ಮಸಿ, ಎಂಜಿನ್ನಿನ ಏದುಸಿರು, ಇಷ್ಟರಿಂದಲೇ ಕಾರ್ಬ್ಯುರೇಟರಿನ ರೋಗ ತಿಳಿಯುತ್ತಿತ್ತು. ಹೊಗೆಯ ನಿಯಮಗಳು ದಿಲ್ಲಿ ಪ್ರದೇಶದಲ್ಲಿ 2000ದಲ್ಲಿ, ಮುಂಬಯಿಯಲ್ಲಿ 2001ರಲ್ಲಿ ಬಿಗಿಯಾದ ಮೇಲೆ ಕಾರ್ಬ್ಯುರೇಟರ್ ಹಿಂದೆ ಸರಿಯಿತು; ಗಣಕಯಂತ್ರದ ಅಪ್ಪಣೆಯಂತೆ ಪೆಟ್ರೋಲು ಸಿಂಪಡಿಸುವ ಪದ್ಧತಿ ಬಂತು. ಆ ಗಣಕಕ್ಕೆ ಕಣ್ಣಿಲ್ಲ, ಮೂಗಿಲ್ಲ. ಗಾಳಿ ಎಷ್ಟು, ನೀರು ಎಷ್ಟು ಬಿಸಿ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಹೇಳಿದರೇ ಅದಕ್ಕೆ ತಿಳಿಯಬೇಕು. 2010ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 4ರೊಂದಿಗೆ, ದೋಷ ಕಂಡರೆ ಹಳದಿ ದೀಪ ಹೊತ್ತಿಸಿ ಸಂಕೇತ ಬರೆದಿಡುವ ವ್ಯವಸ್ಥೆಯೂ ನಮ್ಮ ಕಾರುಗಳಿಗೆ ಬಂತು. ಆಗ ಕೊಂಡ ಕಾರುಗಳೇ ಈಗ ಹದಿನೈದು ವರ್ಷ ದಾಟಿ, ಥಾಣೆ, ಕಲ್ಯಾಣ, ವಾಶಿಯ ಆರ್‌ಟಿಓ ಕಚೇರಿಗಳಲ್ಲಿ ಮರುನೋಂದಣಿಗೆ ನಿಲ್ಲುತ್ತಿರುವುದು.

ಅಂಥ ಒಂದು ಕಾರು ಡೊಂಬಿವಲಿಯಲ್ಲಿದೆ ಎಂದಿಟ್ಟುಕೊಳ್ಳಿ. ಹಳದಿ ದೀಪ ಹೊತ್ತಿದೆ. ಯಂತ್ರ ಜೋಡಿಸಿ ಓದಿದರೆ ಪಿ 0171 ಎಂಬ ಸಂಕೇತ. ಇದರ ಅರ್ಥ, ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು. ಈ ದೂರು ಬಂದದ್ದು ಹೊಗೆಕೊಳವೆಯ ಆಮ್ಲಜನಕ ಸೆನ್ಸರಿನಿಂದ. ಒಡನೆಯೇ, ‘ಸೆನ್ಸರ್ ಹೋಗಿದೆ, ಬದಲಿಸಿ’ ಎಂಬ ತೀರ್ಪು ಹೊರಡುತ್ತದೆ. ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಹಾಕಿಸುತ್ತಾರೆ. ನಾಲ್ಕು ದಿನಕ್ಕೆ ದೀಪ ಮತ್ತೆ ಹೊತ್ತುತ್ತದೆ.

ಆದದ್ದೇನು? ಆ ಸೆನ್ಸರ್ ಪೆಟ್ರೋಲನ್ನು ಕಾಣುವುದೇ ಇಲ್ಲ, ಕಾಣುವುದು ಆಮ್ಲಜನಕವನ್ನು ಮಾತ್ರ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಇದ್ದರೆ ದಹನ ಸರಿಯಾಗಿ ಆಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದರೆ ಗಾಳಿ ಹೆಚ್ಚಾಯಿತೆಂಬುದು ಗಣಕದ ಊಹೆ. ಆದರೆ ಸೆನ್ಸರಿಗೂ ಮುಂಚೆ ಹೊಗೆಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಉರಿಯದ ಆಮ್ಲಜನಕ ಹಾಗೆಯೇ ಹೊರಬರುತ್ತದೆ. ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ, ಅದನ್ನು ದಾಟಿದ ಮೇಲಿನ ರಬ್ಬರು ಕೊಳವೆ ವಯಸ್ಸಾಗಿ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನನ್ನು ಸೇರುತ್ತದೆ. ಮೂರೂ ಸಂದರ್ಭಗಳಲ್ಲಿ ಸೆನ್ಸರ್ ಹೇಳಿದ್ದು ಸತ್ಯ. ಬರೆ ಬಿದ್ದದ್ದು ಮಾತ್ರ ಅದರ ಬೆನ್ನಿಗೆ.

ಹಾಗಾದರೆ ಸೆನ್ಸರ್ ಎಂದೂ ಸುಳ್ಳು ಹೇಳುವುದಿಲ್ಲವೆ? ಹೇಳುತ್ತದೆ. ಎಂಜಿನ್ನನ್ನು ತಂಪಾಗಿಡುವ ನೀರಿನ ಉಷ್ಣತೆ ತಿಳಿಸುವ ಸೆನ್ಸರನ್ನು ನೋಡಿ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ತಂತಿ ಪೂರ್ತಿ ಕಡಿದರೆ ಗಣಕಕ್ಕೆ ಮೈನಸ್ 40 ಡಿಗ್ರಿ ಎಂದು ತೋರುತ್ತದೆ. ಕಲ್ಯಾಣದಲ್ಲಿ ಅಂಥ ಚಳಿ ಅಸಂಭವವಾದ್ದರಿಂದ ಆ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ನಮ್ಮ ಕಡೆಯ ಮಳೆ, ಖಾಡಿಯ ಉಪ್ಪುಗಾಳಿ, ಶೀಲ್ ಫಾಟಾದ ರಸ್ತೆಯಲ್ಲಿ ನಿಂತ ನೀರು, ಇವುಗಳಿಂದ ಜೋಡಣೆಯಲ್ಲಿ ಕಿಲುಬು ಹಿಡಿದು ರೋಧ ಸ್ವಲ್ಪವೇ ಹೆಚ್ಚಿತೆನ್ನಿ. ಬಿಸಿ ಎಂಜಿನ್ನನ್ನು ಸೆನ್ಸರ್ ‘ಇನ್ನೂ ತಣ್ಣಗಿದೆ’ ಎನ್ನುತ್ತದೆ. ಗಣಕ ಸದ್ಭಾವದಿಂದ ಪೆಟ್ರೋಲನ್ನು ಹೆಚ್ಚಿಸುತ್ತದೆ. ಕಪ್ಪು ಹೊಗೆ ಏಳುತ್ತದೆ, ಪೆಟ್ರೋಲಿನ ಖರ್ಚು ಏರುತ್ತದೆ, ದೀಪ ಮಾತ್ರ ಹೊತ್ತದೇ ಇರಬಹುದು. ಏಕೆಂದರೆ ಈ ಸುಳ್ಳು ನಂಬುವಂಥ ಸುಳ್ಳು. ಅತಿರೇಕದ ಸುಳ್ಳಿಗಿಂತ ಮಿತಿಯೊಳಗಿನ ಸುಳ್ಳು ಹೆಚ್ಚು ಕಾಲ ಬಾಳುತ್ತದೆ.

ಇಲ್ಲಿ ಪ್ರಶ್ನೆ ಕಾರಿನದಷ್ಟೇ ಆಗಿ ಉಳಿಯುವುದಿಲ್ಲ. ಬಂದ ಮಾತನ್ನು ಮೊದಲು ನಂಬಬೇಕೆ, ಸಂಶಯಿಸಬೇಕೆ? ನಮ್ಮ ಪ್ರಾಚೀನರು ಇದನ್ನು ಕುರಿತು ಬಹಳ ವಾದಿಸಿದ್ದಾರೆ. ಜ್ಞಾನವು ತನ್ನಷ್ಟಕ್ಕೆ ಪ್ರಮಾಣ, ಬಾಧಕ ಬಂದಾಗ ಮಾತ್ರ ಬಿಡಬೇಕೆಂದು ಮೀಮಾಂಸಕರೆಂದರು. ಅದರ ಪ್ರಾಮಾಣ್ಯವನ್ನು ಬೇರೆ ಆಧಾರದಿಂದ ತಿಳಿಯಬೇಕೆಂದು ನೈಯಾಯಿಕರೆಂದರು. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವ ತಪ್ಪು ಅವರ ಪ್ರಸಿದ್ಧ ಉದಾಹರಣೆ. ಉಡುಪಿಯ ಮಧ್ವಾಚಾರ್ಯರ ದರ್ಶನದಲ್ಲಂತೂ ಜ್ಞಾನದ ಯಾಥಾರ್ಥ್ಯವನ್ನು ಗ್ರಹಿಸುವ ಅಂತರಂಗದ ತತ್ತ್ವಕ್ಕೆ ‘ಸಾಕ್ಷಿ’ ಎಂದೇ ಹೆಸರು. ಸಂಶಯ ತಲೆದೋರಿದಾಗ ಅದಕ್ಕೆ ಪರೀಕ್ಷೆಯ ನೆರವು ಬೇಕು. ಮತಗಳು ಬೇರೆಯಾದರೂ ಸಂಶಯ ಬಂದ ಮೇಲೆ ಪರೀಕ್ಷಿಸದೆ ತೀರ್ಪು ಕೊಡಬಹುದೆಂದು ಇವರಲ್ಲಿ ಯಾರೂ ಹೇಳಲಿಲ್ಲ.

ಪರೀಕ್ಷೆ ಕಠಿಣವೇನಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ನೀರಿನ ಸೆನ್ಸರೂ ಗಾಳಿಯ ಸೆನ್ಸರೂ ಹೆಚ್ಚು ಕಡಿಮೆ ಒಂದೇ ಉಷ್ಣತೆ ತೋರಬೇಕು, ಅದು ಹೊರಗಿನ ಹವೆಗೂ ಹೊಂದಬೇಕು. ಹೊಂದದಿದ್ದರೆ ಮೊದಲು ಜೋಡಣೆಯ ಕಿಲುಬು, ತಂತಿ, ಆಮೇಲೆ ಸೆನ್ಸರಿನ ರೋಧ. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬನ ಮಾತಿನೊಡನೆ ತಾಳೆ ನೋಡುವುದು, ಅಷ್ಟೆ. ಇದಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರು ಮತ್ತು ಒಂದು ಗಂಟೆ.

ಆ ಒಂದು ಗಂಟೆಯಲ್ಲೇ ನೀತಿಯ ತೊಡಕಿದೆ. ಹೊಸ ಸೆನ್ಸರಿಗೆ ಸಾವಿರಾರು ರೂಪಾಯಿ ಕೊಡಲು ನಾವು ಸಿದ್ಧರು, ಏಕೆಂದರೆ ಕೈಗೊಂದು ವಸ್ತು ಬರುತ್ತದೆ. ಮೇಸ್ತ್ರಿ ಒಂದು ಗಂಟೆ ಹುಡುಕಿ, ತುಕ್ಕು ಕೆರೆದು, ‘ಬದಲಿಸುವುದೇನೂ ಇಲ್ಲ, ನನ್ನ ಮಜೂರಿ ಐನೂರು’ ಎಂದರೆ, ‘ಏನೂ ಹಾಕದೆ ಐನೂರೆ?’ ಎಂದು ಹುಬ್ಬೇರಿಸುತ್ತೇವೆ. ವಿಚಾರಣೆಗೆ ಬೆಲೆ ಕೊಡದವನಿಗೆ ಸಿಗುವುದು ವಿಚಾರಣೆಯಿಲ್ಲದ ತೀರ್ಪೇ. ಮೇಸ್ತ್ರಿಗಳ ಪ್ರಾಮಾಣಿಕತೆಯ ಬಗ್ಗೆ ದೂರುವ ನಾವು, ಪ್ರಾಮಾಣಿಕನಾಗಿ ಬದುಕಲು ಅವನಿಗೆ ಎಷ್ಟು ಅವಕಾಶ ಕೊಟ್ಟಿದ್ದೇವೆಂದು ಕೇಳಿಕೊಳ್ಳಬೇಡವೆ?

ಇದಕ್ಕಿಂತ ಕೀಳಾದ ದಾರಿಯೂ ಒಂದಿದೆ. ಕಾರು ಮಾರುವ ಮುನ್ನ ಸಂಕೇತವನ್ನು ಅಳಿಸುವುದು, ದೀಪವನ್ನೇ ಕಿತ್ತುಬಿಡುವುದು. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ಹಳದಿ ದೀಪ ಒಮ್ಮೆ ಹೊತ್ತುವುದೋ ಎಂದು ನೋಡಬೇಕು. ಎಂಜಿನ್ ಶುರುವಾಗುವ ಮುಂಚೆ ಹೊತ್ತದ ದೀಪ ಆರೋಗ್ಯದ ಗುರುತಲ್ಲ, ಬಾಯಿ ಕಟ್ಟಿದ ಸಾಕ್ಷಿಯ ಗುರುತು.

ಮನೆಯಲ್ಲಿ, ಸಂಘದಲ್ಲಿ ನಮ್ಮ ರೀತಿ ಬೇರೆಯೆ? ಮೊಣಕಾಲು ನೋವೆಂದು ತಾಯಿ ದಿನವೂ ಹೇಳಿದರೆ ‘ವಯಸ್ಸಾಯಿತು, ಗೊಣಗಾಟ’ ಎನ್ನುತ್ತೇವೆ. ಸೊಸೆ ಏನೋ ಸರಿಯಿಲ್ಲವೆಂದರೆ ಸೊಸೆಯೇ ಸರಿಯಿಲ್ಲವೆಂದಾಗುತ್ತದೆ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಕೇಳಿದ ಸದಸ್ಯ ಜಗಳಗಂಟನಾಗುತ್ತಾನೆ, ಮರುವರ್ಷ ಸಮಿತಿಯಲ್ಲಿ ಅವನ ಹೆಸರಿರುವುದಿಲ್ಲ. ಅವನು ಹೇಳಿದ್ದು ತಪ್ಪಿರಬಹುದು, ಅವನ ‘ಜೋಡಣೆ’ಗೂ ಕಿಲುಬು ಹಿಡಿದಿರಬಹುದು. ಆದರೆ ಅದು ಲೆಕ್ಕದ ಪುಸ್ತಕ ತೆರೆದ ಮೇಲೆ ತಿಳಿಯಬೇಕಾದ ಸಂಗತಿ.

ದೂರು ತಂದವನನ್ನು ಕುರುಡಾಗಿ ನಂಬುವುದು ಅವನಿಗೆ ತೋರುವ ಗೌರವವಲ್ಲ. ಅವನ ಮಾತನ್ನು ಕಾಲ ವ್ಯಯಿಸಿ ಪರೀಕ್ಷಿಸುವುದೇ ಗೌರವ. ಯಂತ್ರದ ಸಾಕ್ಷಿಯನ್ನು ಪರೀಕ್ಷಿಸದೆ ಕಿತ್ತೆಸೆದರೆ ಹಣ ಹೋಗುತ್ತದೆ, ಇನ್ನೊಂದು ಸೆನ್ಸರ್ ಅಂಗಡಿಯಲ್ಲಿ ಸಿಗುತ್ತದೆ. ಮನುಷ್ಯನನ್ನು ಹಾಗೆ ಮಾಡಿದರೆ ಅವನು ಸುಮ್ಮನಾಗುತ್ತಾನೆ. ಮುಂದೆ ನಿಜವಾಗಿ ಬಿಸಿ ಏರಿದಾಗ ಹೇಳುವವರು ಯಾರೂ ಇರುವುದಿಲ್ಲ.