ಮಣ್ಣಿನ ಋಣ, ಮನುಷ್ಯರ ಋಣ

ಹುಟ್ಟೂರಿನ ಹಾಡನ್ನು ಕೊನೆಯವರೆಗೂ ಬಿಡದವನನ್ನು ನಾವು ಋಣ ಮರೆಯದವನು ಎಂದು ಹೊಗಳುತ್ತೇವೆ. ಈ ಹೊಗಳಿಕೆ ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ, ಸ್ಪೇನಿನ ಗಾಯಕ ಮಿಗೆಲ್ ಫ್ಲೆತಾನ ಬದುಕನ್ನು ಓದಿದಾಗಿನಿಂದ ನನ್ನನ್ನು ಕಾಡುತ್ತಿದೆ.

ಅವನು 1897ರಲ್ಲಿ ಅರಗಾನ್ ಪ್ರಾಂತದ ಒಂದು ಹಳ್ಳಿಯಲ್ಲಿ ಹುಟ್ಟಿದ. ತಂದೆಯ ಕಡೆಯ ಮನೆತನದ ಹೆಸರು ಬುರ್ರೋ, ಅಂದರೆ ಕತ್ತೆ! ರಂಗದ ಮೇಲೆ ಅದು ನಡೆದೀತೇ? ತಾಯಿಯ ಕಡೆಯ ಫ್ಲೆತಾ ಎಂಬ ಹೆಸರನ್ನೇ ಇಟ್ಟುಕೊಂಡ. (ಹೀಗಾದರೂ ತಾಯಿಯ ಹೆಸರು ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.) ಅವನು ಮೊದಲು ಹಾಡಿದ್ದು ಹೋತಾ. ಹೆಸರು ಕೇಳಿ ನಗಬೇಡಿ, ಅದು ಅರಗಾನಿನ ಜನಪದ ಹಾಡು. ಪದ್ಯ ನಾಲ್ಕೇ ಸಾಲಿನದು. ಸಾಲುಗಳನ್ನು ಮತ್ತೆ ಮತ್ತೆ ಹಿಡಿದು ಏಳು ತುಂಡಾಗಿ ಬೆಳೆಸಿ, ಗಿಟಾರಿನ ಜೊತೆ ಗಟ್ಟಿ ದನಿಯಲ್ಲಿ ಹಾಡುತ್ತಾರೆ. ಪ್ರೀತಿ, ದೇವರು, ತಮ್ಮೂರಿನ ಜಂಬ ಎಲ್ಲಕ್ಕೂ ಅಷ್ಟರಲ್ಲೇ ಜಾಗ.

ಈ ದನಿಯನ್ನು ಹೊತ್ತು ಬಾರ್ಸೆಲೋನಾಕ್ಕೆ ಹೋದ ಹುಡುಗನಿಗೆ ಸಂಗೀತಶಾಲೆಯಲ್ಲಿ ಸಿಕ್ಕ ಗುರು ಲೂಯಿಸಾ ಪಿಯೆರಿಕ್. ಆಕೆ ಸ್ವತಃ ಗಾಯಕಿ. ಪಾಠ ಹೇಳಿದಳು, ಅವನ ದನಿಯನ್ನು ತಿದ್ದಿದಳು, ಸಂಗಾತಿಯೂ ಆದಳು, ಇಬ್ಬರು ಗಂಡುಮಕ್ಕಳಾದರು. 1919ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಅಪೆರಾ ರಂಗವೇರಿದವನು 1923ಕ್ಕೆ ನ್ಯೂಯಾರ್ಕ್ ಮುಟ್ಟಿದ. 1926ರ ಏಪ್ರಿಲ್ 25ರಂದು ಮಿಲಾನಿನಲ್ಲಿ ಪುಚ್ಚಿನಿಯ 'ತುರಾಂದೋತ್' ಮೊದಲ ಬಾರಿಗೆ ರಂಗಕ್ಕೆ ಬಂದಾಗ ಅದರ ನಾಯಕ ಇವನೇ. ಆ ವರ್ಷಗಳಲ್ಲೇ ಲೂಯಿಸಾಳಿಂದ ದೂರವಾಗಿ ಬೇರೊಬ್ಬಳನ್ನು ಮದುವೆಯಾದ.

ಹೋತಾವನ್ನು ಮಾತ್ರ ಬಿಡಲಿಲ್ಲ. ಕಛೇರಿ ಮುಗಿದು ಜನ ಇನ್ನೊಂದು ಹಾಡೆಂದರೆ ಹೋತಾ ಹಾಡುತ್ತಿದ್ದ, ಅದರ ರೆಕಾರ್ಡುಗಳನ್ನೂ ಕೊಟ್ಟ.

ಇಬ್ಬರ ಸಂಸಾರ ಏಕೆ ಮುರಿಯಿತೆಂದು ಹೊರಗಿನವಳಾದ ನಾನು ತೀರ್ಪು ಕೊಡಲಾರೆ. ನನ್ನ ತಕರಾರು ಹೊಗಳುವವರ ಮೇಲೆ. ಊರಿನ ಮೇಲಿನ ನಿಷ್ಠೆ ಸುಲಭವಲ್ಲವೇ? ಊರು ರಾತ್ರಿ ಎಷ್ಟು ಹೊತ್ತಿಗೆ ಬಂದೆ ಎಂದು ಕೇಳುವುದಿಲ್ಲ, ಮಕ್ಕಳ ಫೀಸು ಕಟ್ಟೆನ್ನುವುದಿಲ್ಲ. ವರ್ಷಕ್ಕೊಮ್ಮೆ ಹೋಗಿ ಹಾಡಿದರೆ ಹಾರ ಹಾಕುತ್ತದೆ. ಜೊತೆಗಿದ್ದವರು ದಿನವೂ ಕೇಳುತ್ತಾರೆ.

ಹಾಗೆಂದು ಅವನ ಹೋತಾಪ್ರೀತಿ ಸುಳ್ಳಲ್ಲ. ಆದರೆ ತುಂಬಿದ ದನಿಯನ್ನು ಉಸಿರು ಕಡಿಯದೆ ಎಳೆಯಷ್ಟು ಸಣ್ಣಗೆ ಮಾಡುವ ಕುಶಲತೆಗೆ ಅವನು ಹೆಸರಾಗಿದ್ದ. ಹಳ್ಳಿ ಕೊಟ್ಟದ್ದು ದನಿ. ಈ ಹದ ಬಂದದ್ದು ಪಾಠದಿಂದ. ಅವನು ಹೋತಾ ಹಾಡಿದಾಗಲೂ ಲೂಯಿಸಾಳ ವರ್ಷಗಟ್ಟಲೆ ದುಡಿಮೆ ಅಲ್ಲೇ ಇತ್ತು. ಚಪ್ಪಾಳೆಯೆಲ್ಲ ಮಣ್ಣಿಗೆ ಹೋಯಿತು.

1936ರಲ್ಲಿ ಅಂತರ್ಯುದ್ಧ ಬಂತು. ಫ್ಲೆತಾ ಫ್ರಾಂಕೋನ ಕಡೆ ನಿಂತು ಫಲಾಂಖೆ ಪಕ್ಷದ ಗೀತೆ ಹಾಡಿದ. ಅವನ ಅರಗಾನನ್ನು ಸೀಳಿಕೊಂಡೇ ಯುದ್ಧದ ಗಡಿ ಹಾದುಹೋಗಿತ್ತು. ಹೋತಾ ಬಲ್ಲವರು ಎರಡೂ ಕಡೆ ಸಾಯುತ್ತಿದ್ದರು. 1938ರ ಮೇ ತಿಂಗಳಲ್ಲಿ, ಊರಿನಿಂದ ಬಹು ದೂರದ ಲಾ ಕೊರುನ್ಯಾದಲ್ಲಿ ಅವನೂ ತೀರಿಕೊಂಡ. ನಲವತ್ತೇ ವರ್ಷ.